ಶೆಡ್ಡಿನ ಬಾಗಿಲಿಗೆ ಎರಡು ಚೆಂಬು ನೀರು

ಕೆನಡಾಕ್ಕೆ ಹೋಗಿ ಬಂದವನೆಂದು ಗೊತ್ತಾದ ಕೂಡಲೇ ಕಟಪಾಡಿಯಲ್ಲಿ ಎಲ್ಲರೂ ಕೇಳಿದ್ದು ಅಲ್ಲಿಯ ದೊಡ್ಡ ಜಲಪಾತದ ಬಗ್ಗೆ. ನಾನು ಅದನ್ನು ನೋಡಿಲ್ಲ. ನನ್ನ ಅಕ್ಕ ಇರುವ ಊರಿನಿಂದ ಅದು ರೈಲಿನಲ್ಲಿ ದಿನಗಟ್ಟಲೆ ದೂರವಂತೆ. ನಾನು ನೋಡಿದ್ದು ಒಂದು ತಗಡಿನ ಶೆಡ್ಡು, ಅದರೊಳಗೆ ಒಂದು ಸೀಮೆಣ್ಣೆಯ ಹೀಟರು, ಮತ್ತೆ ಸ್ಟಾರ್ಟ್ ಆಗದ ಎಂಜಿನುಗಳ ಒಂದು ಸಾಲು.

"ಅಷ್ಟು ದೂರ ಹೋಗಿ ಅಲ್ಲಿಯೂ ರಿಪೇರಿಯಾ ಮಾರಾಯ?" ಎಂದು ಗೂಡಂಗಡಿಯವರು ಕನಿಕರದಿಂದ ಕೇಳಿದರು.

ಹೌದು, ಅಲ್ಲಿಯೂ ರಿಪೇರಿಯೇ. ಆ ಪ್ರಯಾಣದ ಆಯಾಸ ಇನ್ನೂ ಮೈಯಿಂದ ಇಳಿದಿಲ್ಲ. ಕೇಳಿದವರಿಗೆಲ್ಲ ಬಾಯಲ್ಲಿ ಹೇಳಿ ಸಾಕಾಗಿ ಈಗ ಬರೆಯುತ್ತಿದ್ದೇನೆ.

ಹೊರಟದ್ದು

ಈ ಎಂಬತ್ತೈದನೇ ಇಸವಿಯ ಚಳಿಗಾಲ. ಚಳಿಗಾಲ ಎಂದರೆ ನಮ್ಮಲ್ಲಿ ಬೆಳಗ್ಗೆ ಸ್ನಾನದ ನೀರು ಸ್ವಲ್ಪ ಹೆಚ್ಚು ಬಿಸಿ ಇರಲಿ ಅನ್ನಿಸುವ ಕಾಲ, ಅಷ್ಟೆ. ಪಕ್ಕದ ಅಕ್ಕಿ ಮಿಲ್ಲಿನ ಫೋನಿಗೆ ಸುಮತಿ ಅಕ್ಕನ ಟ್ರಂಕ್ ಕಾಲ್ ಬಂತು. ಬಾವ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡಿದ್ದರು.

"ಇವರ ಕೈಗೆ ಪ್ಲಾಸ್ಟರ್ ಹಾಕಿದ್ದಾರೆ. ಶೆಡ್ಡಿನಲ್ಲಿ ಕೆಲಸ ರಾಶಿ ಬಿದ್ದು ಉಂಟು. ವರ್ಷದ ದುಡಿಮೆ ಎಲ್ಲ ಈ ತಿಂಗಳಲ್ಲೇ ಆಗ್ಬೇಕು. ನೀನು ಬರ್ತೀಯಾ?" ಎಂದಳು ಅಕ್ಕ.

ನನ್ನ ಬಾವ ಕಾರ್ಕಳದವರು. ಹತ್ತು ಹನ್ನೆರಡು ವರ್ಷ ಹಿಂದೆ ಕಾರ್ಖಾನೆಯೊಂದರ ಲೇತ್ ಕೆಲಸಕ್ಕೆಂದು ಅಲ್ಲಿಗೆ ಹೋದರು. ಕಾರ್ಖಾನೆ ಮುಚ್ಚಿದ ಮೇಲೆ ಮನೆಯ ಹಿಂದೆಯೇ ಶೆಡ್ಡು ಹಾಕಿ ಸಣ್ಣ ಎಂಜಿನುಗಳ ರಿಪೇರಿ ಶುರು ಮಾಡಿದ್ದರು. ನನ್ನದೂ ಅದೇ ಕಸುಬು. ಕಟಪಾಡಿಯ ಹೆದ್ದಾರಿ ಬದಿಯಲ್ಲಿ ಗದ್ದೆಯ ಸೀಮೆಣ್ಣೆ ಪಂಪುಗಳು, ಔಷಧಿ ಹೊಡೆಯುವ ಯಂತ್ರಗಳು, ಕಾಪುವಿನ ದೋಣಿಗಳ ಸಣ್ಣ ಎಂಜಿನುಗಳು ನನ್ನ ಕೈಗೆ ಬರುತ್ತವೆ. ನನ್ನ ಅಂಗಡಿಗೆ ಮೇಲೆ ಹಂಚಿನ ಮಾಡು ಉಂಟು, ಗೋಡೆ ಒಂದೇ. ಉಳಿದ ಮೂರು ಕಡೆ ಗಾಳಿ.

ಮಣಿಪಾಲದ ಪ್ರೊಫೆಸರೊಬ್ಬರು ಇಂಗ್ಲೆಂಡಿನಲ್ಲಿ ಹಾಕಿಕೊಂಡಿದ್ದ ಉಣ್ಣೆಯ ಕೋಟು ಕೊಟ್ಟರು. ನುಸಿಗುಳಿಗೆಯ ವಾಸನೆ ಹೊಡೆಯುವ ಆ ಕೋಟಿನಲ್ಲಿ ಬೊಂಬಾಯಿಯವರೆಗೆ ಬೆವರಿದೆ. ವಿಮಾನಗಳನ್ನು ಬದಲಿಸಿ, ಬೆಂಚುಗಳ ಮೇಲೆ ಕೂತು, ಕೊನೆಗೆ ಅಕ್ಕನ ಊರಿನ ನಿಲ್ದಾಣದ ಗಾಜಿನ ಬಾಗಿಲು ದಾಟಿ ಹೊರಗೆ ಕಾಲಿಟ್ಟಾಗ ಕೋಟು ಮೈಮೇಲೆ ಉಂಟೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕಾಯಿತು. ಮೂಗಿನೊಳಗಿನ ಕೂದಲು ಗಟ್ಟಿಯಾಯಿತು. ಅಕ್ಕ ನಗುತ್ತಾ ತನ್ನ ಕೈಯಲ್ಲಿದ್ದ ದೊಡ್ಡ ಜಾಕೆಟನ್ನು ಅದರ ಮೇಲೆಯೇ ತೊಡಿಸಿದಳು.

ಒಂದೇ ಬಾಗಿಲಿನ ಶೆಡ್ಡು

ಶೆಡ್ಡಿಗೆ ನಾಲ್ಕೂ ಕಡೆ ಗೋಡೆ. ತಗಡಿನ ಎರಡು ಪದರದ ನಡುವೆ ಬಾವ ಹಳೆಯ ಪೇಪರು, ಕಂಬಳಿ ಚೂರು, ಏನೇನೋ ತುರುಕಿಸಿದ್ದರು. ಹಿಂದುಗಡೆ ಎತ್ತರದಲ್ಲಿ ಒಂದು ಕಿಟಕಿ. ಮುಂದೆ ಮೇಲಕ್ಕೆ ಎತ್ತುವ ಒಂದೇ ಒಂದು ಅಗಲದ ಬಾಗಿಲು, ಅದರ ಅಡಿಯಲ್ಲಿ ಗಾಳಿ ನುಗ್ಗದ ಹಾಗೆ ರಬ್ಬರಿನ ಪಟ್ಟಿ.

ಸೀಮೆಣ್ಣೆ ಹೀಟರು ಹಚ್ಚಿದರೆ ಬಿಸಿಯೆಲ್ಲ ತಲೆಯ ಮೇಲಿನ ಮಾಡಿಗೆ ಹೋಗಿ ಕೂರುತ್ತಿತ್ತು. ತಲೆ ಬೆವರುವಾಗ ಪಾದ ಮರಗಟ್ಟಿರುತ್ತಿತ್ತು. ಅದಕ್ಕಾಗಿ ಬಾವ ಮೇಲೊಂದು ಟೇಬಲ್ ಫ್ಯಾನು ಕಟ್ಟಿ ಬಿಸಿಗಾಳಿಯನ್ನು ಕೆಳಕ್ಕೆ ತಳ್ಳುವ ವ್ಯವಸ್ಥೆ ಮಾಡಿದ್ದರು. ಚಳಿಗೆಂದು ಫ್ಯಾನು ಹಾಕುವುದನ್ನು ನಾನು ನೋಡಿದ್ದು ಅಲ್ಲಿಯೇ. ಸ್ಪ್ಯಾನರುಗಳನ್ನು ಹೀಟರಿನ ಹತ್ತಿರ ಒಂದು ಟ್ರೇಯಲ್ಲಿ ಇಡಬೇಕಿತ್ತು. ಇಲ್ಲವಾದರೆ ಬರಿಗೈಯಲ್ಲಿ ಹಿಡಿದವನ ಚರ್ಮ ಅದಕ್ಕೇ ಅಂಟಿಕೊಳ್ಳುತ್ತದೆ. ನಾನು ಮೊದಲ ದಿನವೇ ಅಂಟಿಸಿಕೊಂಡೆ.

ಇಷ್ಟೆಲ್ಲ ಕಷ್ಟಪಟ್ಟು ಕೂಡಿಹಾಕಿದ ಬಿಸಿಯನ್ನು ಎಂಜಿನು ಸ್ಟಾರ್ಟ್ ಮಾಡುವ ಹೊತ್ತಿಗೆ ಹೊರಗೆ ಬಿಡಬೇಕು. "ಬಾಗಿಲು ಹಾಕಿ ಎಂಜಿನು ಓಡಿಸ್ಬೇಡ. ಹೊಗೆ ನಿನ್ನನ್ನು ಕೇಳಿ ಕೊಲ್ಲುವುದಿಲ್ಲ," ಎಂದು ಬಾವ ಮೊದಲೇ ಹೇಳಿದ್ದರು. ಹಾಗಾಗಿ ಎಂಜಿನಿನ ಹಗ್ಗ ಎಳೆಯುವ ಮೊದಲು ಬಾಗಿಲು ಎತ್ತು, ಚಳಿ ಒಳಗೆ ಬರಲಿ, ಎಂಜಿನು ಕೆಮ್ಮಿ ನಿಲ್ಲಲಿ, ಬಾಗಿಲು ಇಳಿಸು, ಮತ್ತೆ ಬಿಸಿಯಾಗುವವರೆಗೆ ಬೆರಳು ಬಗಲಲ್ಲಿ ಇಟ್ಟುಕೊಂಡು ಕೂರು. ದಿನವಿಡೀ ಇದೇ. ಕಟಪಾಡಿಯಲ್ಲಿ ಅರ್ಧ ಬೆಳಗಿನಲ್ಲಿ ಮುಗಿಯುವ ಕೆಲಸಕ್ಕೆ ಅಲ್ಲಿ ಇಡೀ ದಿನ ಸಾಲುತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತರೆ ತುತ್ತು ಎತ್ತಲಿಕ್ಕೂ ಬೇಸರ. ನಾನು ಬಂದದ್ದು ಸಹಾಯಕ್ಕೋ ಶಿಕ್ಷೆಗೋ ಎಂದು ಎರಡೇ ದಿನದಲ್ಲಿ ಅನುಮಾನ ಬಂತು.

ಹೆಲೆನಕ್ಕನ ಯಂತ್ರ

ಅಲ್ಲಿಯ ಜನ ಹಿಮ ತೆಗೆಯಲು ಒಂದು ಯಂತ್ರ ಬಳಸುತ್ತಾರೆ. ನೋಡಲಿಕ್ಕೆ ನಮ್ಮ ಗದ್ದೆಯ ಟಿಲ್ಲರಿನ ತಮ್ಮ. ಮುಂದಿನ ಬಾಯಿಯಿಂದ ಹಿಮವನ್ನು ನುಂಗಿ ಪಕ್ಕದ ಕೊಳವೆಯಿಂದ ದೂರಕ್ಕೆ ಉಗುಳುತ್ತದೆ. ಶೆಡ್ಡಿನಲ್ಲಿ ಸಾಲಾಗಿ ನಿಂತಿದ್ದವು ಹೆಚ್ಚಿನವು ಅವೇ. ಅದರಲ್ಲಿ ಒಂದು ಹೆಲೆನ್ ಅವರದು.

ಹೆಲೆನ್ ಪಕ್ಕದ ಹೊಲದ ಮನೆಯ ಹೆಂಗಸು. ಅರುವತ್ತು ದಾಟಿರಬಹುದು. ಟ್ರಕ್ಕನ್ನು ಗಂಡಸರಿಗಿಂತ ಜೋರಾಗಿ ಬಿಡುತ್ತಿದ್ದರು. ಅಕ್ಕ ಅವರನ್ನು ಹೆಲೆನಕ್ಕ ಎನ್ನುತ್ತಿದ್ದಳು. ಅವರೂ ಅದಕ್ಕೆ ಓಗೊಡುತ್ತಿದ್ದರು. ಅವರ ಗಂಡ ಕಾರ್ಲ್‌ನ ಎರಡೂ ಕಿಡ್ನಿ ಹೋಗಿತ್ತು. ವಾರಕ್ಕೆ ಮೂರು ಸಲ ಪಟ್ಟಣದ ಆಸ್ಪತ್ರೆಗೆ ಹೋಗಿ ಯಂತ್ರದಿಂದ ರಕ್ತ ತೊಳೆಸಿಕೊಂಡು ಬರಬೇಕಿತ್ತು. ಹೆದ್ದಾರಿಯ ಹಿಮವನ್ನು ಸರಕಾರದವರು ತೆಗೆಯುತ್ತಾರೆ. ಆದರೆ ಹೆದ್ದಾರಿಯಿಂದ ಅವರ ಮನೆಗೆ ಹೋಗುವ ಓಣಿ ಅವರದೇ ಜವಾಬ್ದಾರಿ. ಎರಡು ಮೂರು ಗದ್ದೆ ದಾಟಿದಷ್ಟು ಉದ್ದದ ಓಣಿ.

ಹಿಂದಿನ ಚಳಿಗಾಲದಲ್ಲಿ ಒಮ್ಮೆ ಯಂತ್ರ ಕೈಕೊಟ್ಟು, ಓಣಿ ಮುಚ್ಚಿ, ಕಾರ್ಲ್‌ನ ಒಂದು ಸರದಿ ತಪ್ಪಿತ್ತು. ಬದುಕಿದ್ದೇ ಹೆಚ್ಚು. ಆಸ್ಪತ್ರೆಯ ಹತ್ತಿರ ಪಟ್ಟಣದಲ್ಲಿ ಒಂದು ಕೋಣೆ ಹಿಡಿಯಿರಿ ಎಂದು ಡಾಕ್ಟರು ಹೇಳಿದರೂ ಕಾರ್ಲ್ ಒಪ್ಪಲಿಲ್ಲ. ಕೊನೆಗೆ ಗಂಡ ಹೆಂಡಿರ ನಡುವೆ ಒಂದು ಮಾತಾಯಿತು. ಇನ್ನೊಂದು ಸರದಿ ತಪ್ಪಿದರೆ ಮನೆ ಬಿಡುವುದು. ತಪ್ಪದಷ್ಟು ದಿನ ಅಲ್ಲಿಯೇ ಇರುವುದು.

ಹಾಗಾಗಿ ಅವರ ಮನೆ ನಿಂತಿದ್ದು ಈ ಎಂಜಿನಿನ ಮೇಲೆ. ಅದೋ, ಹಿಮದಲ್ಲಿ ಸ್ವಲ್ಪ ದೂರ ಹೋಗಿ ನಿಲ್ಲುತ್ತಿತ್ತು. ಎಳೆದು ಶೆಡ್ಡಿಗೆ ತಂದರೆ ಏನೂ ಆಗದ ಹಾಗೆ ಓಡುತ್ತಿತ್ತು. ಡಾಕ್ಟರ ಎದುರು ಕೂತ ಕೂಡಲೇ ಜ್ವರ ಇಳಿದವರ ಹಾಗೆ.

"ಕಿಡಿಯದ್ದೇ ತೊಂದರೆ," ಎಂದರು ಬಾವ, ಪ್ಲಾಸ್ಟರಿನ ಕೈಯನ್ನು ಎದೆಗೆ ಒತ್ತಿಕೊಂಡು. ಪ್ಲಗ್ ಬಿಚ್ಚಿ ಎಂಜಿನಿನ ಮೈಗೆ ಹಿಡಿದು ಹಗ್ಗ ಎಳೆದೆ. ನೀಲಿ ಕಿಡಿ, ಚೆನ್ನಾಗಿಯೇ ಇತ್ತು. ಕಿಡಿ ಹುಟ್ಟಿಸುವ ಪಾಯಿಂಟುಗಳನ್ನು ಎಮೆರಿ ಕಾಗದದಲ್ಲಿ ಉಜ್ಜಿದೆ. ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಒತ್ತಡ ನೋಡಿದೆ. ಬೆಲ್ಲದ ಪಾಕದ ಹಾಗಾಗಿದ್ದ ಆಯಿಲನ್ನು ಬದಲಿಸಿದೆ. ಓಡಿತು. ಹೊರಗೆ ಒಯ್ದೆವು, ನಿಂತಿತು. ಒಳಗೆ ತಂದೆವು, ಓಡಿತು. ಸಂಜೆ ಹೊತ್ತಿಗೆ ಅದನ್ನು ಒದೆಯಬೇಕು ಅನ್ನಿಸಿತು. ಬೂಟಿನೊಳಗೆ ಕಾಲಿನ ಬೆರಳು ಉಂಟೋ ಇಲ್ಲವೋ ಗೊತ್ತಿಲ್ಲದ್ದರಿಂದ ಸುಮ್ಮನಾದೆ.

ಗಾಜಿನ ಲೋಟ

ಮರುದಿನ ಅಕ್ಕ ಶೆಡ್ಡಿಗೆ ಚಹಾ ತಂದಳು. ಅವಳ ಗಾಜಿನ ಲೋಟ ಒಂದು ಖಾಲಿಯಾದ ಮೇಲೆ ಕಾರ್ಬುರೇಟರಿನ ಬಟ್ಟಲಿನ ಪೆಟ್ರೋಲನ್ನು ಅದರಲ್ಲಿ ಸುರಿದು ಬೆಳಕಿಗೆ ಹಿಡಿದೆ. ತಳದಲ್ಲಿ ದುಂಡಗಿನ ಹನಿಗಳು ಓಡಾಡುತ್ತಿದ್ದವು. ನೀರು!

"ಅಯ್ಯೋ, ನನ್ನ ಲೋಟ!" ಎಂದಳು ಅಕ್ಕ.

ಮಲ್ಪೆಯ ಬೋಟಿನವರಿಗೆ ಎಣ್ಣೆಯಲ್ಲಿ ನೀರು ಸೇರುವುದು ಹೊಸದಲ್ಲ. ಅವರು ಬಟ್ಟೆಯಲ್ಲಿ ಸೋಸಿಯೇ ಟಾಂಕಿಗೆ ಹಾಕುತ್ತಾರೆ. ಆದರೆ ಮಳೆಯಿಲ್ಲದ, ಬಾಯಿ ಒಣಗುವ ಈ ಊರಿನಲ್ಲಿ ನೀರು ಎಲ್ಲಿಂದ ಬರಬೇಕು? ಹೆಲೆನ್ ಅವರನ್ನು ಕರೆಸಿ ಕೇಳಿದೆವು. ಅವರು ಯಂತ್ರಕ್ಕೆ ಚಳಿಯಾದೀತೆಂದು ಕೆಲಸ ಮುಗಿದ ಮೇಲೆ ಅದನ್ನು ಮನೆಯ ಬೆಚ್ಚಗಿನ ಚಾವಡಿಗೆ ತಂದು ಕಂಬಳಿ ಹೊದಿಸಿ ಇಡುತ್ತಿದ್ದರಂತೆ. ಟಾಂಕಿ ಅರ್ಧ ಖಾಲಿ. ತಣ್ಣಗಿನ ಟಾಂಕಿ ಬೆಚ್ಚಗಿನ ಕೋಣೆಗೆ ಬಂದಾಗಲೆಲ್ಲ ಒಳಗೆ ಬೆವರುತ್ತಿತ್ತು. ಆ ಬೆವರು ಹೊರಗೆ ಹೋದ ಮೇಲೆ ಕಾರ್ಬುರೇಟರಿನ ಸಣ್ಣ ತೂತಿನಲ್ಲಿ ಮಂಜುಗಡ್ಡೆಯಾಗಿ ಪೆಟ್ರೋಲಿನ ದಾರಿ ಕಟ್ಟುತ್ತಿತ್ತು. ನಮ್ಮ ಬಿಸಿ ಶೆಡ್ಡಿಗೆ ಬಂದ ಕೂಡಲೇ ಕರಗಿ ಬಿಡುತ್ತಿತ್ತು.

ಟಾಂಕಿ ಬಿಚ್ಚಿ ಒಣಗಿಸಿ, ಹೊಸ ಪೆಟ್ರೋಲು ಸೋಸಿ ತುಂಬಿಸಿ, ಉಳಿದ ನೀರು ಹೆಪ್ಪುಗಟ್ಟದ ಹಾಗೆ ಸ್ವಲ್ಪ ಸ್ಪಿರಿಟ್ ಸೇರಿಸಿದೆ. ಹೊರಗೆ ಒಯ್ದು ಕತ್ತಲಾಗುವವರೆಗೆ ಓಡಿಸಿದೆವು. ನಿಲ್ಲಲಿಲ್ಲ. "ಇನ್ನು ಅದನ್ನು ಚಳಿಯಲ್ಲೇ ಇಡಿ, ಟಾಂಕಿ ತುಂಬ ಇಡಿ," ಎಂದು ಬಾವ ಹೆಲೆನ್ ಅವರಿಗೆ ಹೇಳಿದರು. ಕತ್ತಲಾಯಿತು, ಇವತ್ತು ಶೆಡ್ಡಿನಲ್ಲೇ ಇರಲಿ, ಬೆಳಗ್ಗೆ ಬಂದು ಒಯ್ಯುತ್ತೇನೆ ಎಂದು ಅವರು ಹೋದರು. ಆ ಊರಿಗೆ ಬಂದ ಮೇಲೆ ಮೊದಲ ಸಲ ಆ ರಾತ್ರಿ ನನಗೆ ಹಸಿವಾಯಿತು.

ಶುಕ್ರವಾರದ ಬೆಳಗು

ರಾತ್ರಿಯಿಡೀ ಹಿಮ ಸುರಿದಿತ್ತು. ನಾನು ಎಲ್ಲರಿಗಿಂತ ಮೊದಲು ಎದ್ದೆ. ಅಷ್ಟು ದಿನ ಶೆಡ್ಡಿನ ಬಾಗಿಲು ತೆಗೆಯುತ್ತಿದ್ದವರು ಬಾವ. ಅವರಿಗೂ ಒಂದು ದಿನ ಮಲಗಲಿ ಎಂದು ಕೀಲಿಕೈ ತೆಗೆದುಕೊಂಡು ಹೋದೆ.

ಅಂಗಡಿ ತೆರೆದವನು ಮೊದಲು ಏನು ಮಾಡುತ್ತಾನೆ? ಉಡುಪಿ ಇರಲಿ, ಕಾಪು ಇರಲಿ, ಬಾಗಿಲು ಗುಡಿಸಿ ನೀರು ಹಾಕುತ್ತಾನೆ. ಇಪ್ಪತ್ತು ವರ್ಷ ಅದನ್ನು ಮಾಡಿದ ಕೈ ನನ್ನದು. ಯೋಚಿಸಿ ಮಾಡುವ ಕೆಲಸವೇ ಅಲ್ಲ ಅದು. ಅಡುಗೆಮನೆಯಿಂದ ಚೆಂಬಿನಲ್ಲಿ ಬೆಚ್ಚಗಿನ ನೀರು ತಂದೆ. ಹೊಸ್ತಿಲಿಗೆ ಈ ತುದಿಯಿಂದ ಆ ತುದಿಗೆ ಚೆಲ್ಲಿದೆ. ಸಾಲದೆಂದು ಇನ್ನೊಂದು ಚೆಂಬು ತಂದೆ. ಒಳಗೆ ಬಾವ ಇಟ್ಟುಕೊಂಡಿದ್ದ ಕೃಷ್ಣನ ಪಟಕ್ಕೆ ಊದುಬತ್ತಿ ಹಚ್ಚಿದೆ. ಚಳಿ ಒಳಗೆ ನುಗ್ಗದಿರಲಿ ಎಂದು ಬಾಗಿಲು ಇಳಿಸಿ, ಕಾಫಿ ಕುಡಿದು ಬಂದು ಹೀಟರು ಹಚ್ಚೋಣ ಎಂದುಕೊಂಡು ಮನೆಗೆ ಹೋದೆ. ಊರು ಬಿಟ್ಟ ಮೇಲೆ ಅಷ್ಟು ಸಮಾಧಾನ ಎಂದೂ ಆಗಿರಲಿಲ್ಲ.

ಕಾಫಿ ಮುಗಿಯುವಾಗ ಹೆಲೆನ್ ಅವರ ಫೋನು ಬಂತು. ಓಣಿಯಲ್ಲಿ ಸೊಂಟದವರೆಗೆ ಹಿಮ. ಇವತ್ತು ಕಾರ್ಲ್‌ನ ಸರದಿ. ಅಷ್ಟು ಹಿಮದಲ್ಲಿ ಟ್ರಕ್ಕು ಹೊರಡುವುದಿಲ್ಲ, ಯಂತ್ರವನ್ನು ನೀವೇ ತಂದು ಕೊಡುತ್ತೀರಾ ಎಂದು ಕೇಳಿದರು. ಬಾವನೂ ನಾನೂ ಓಡಿದೆವು. ಬಾಗಿಲಿನ ಹಿಡಿ ಹಿಡಿದು ಎತ್ತಿದೆ. ಅಲುಗಲಿಲ್ಲ. ಬಾವ ಎಡಗೈ ಕೊಟ್ಟರು. ಗೋಡೆಯನ್ನು ಎತ್ತಿದ ಹಾಗಾಯಿತು.

ಬಾವ ಬಗ್ಗಿ ನೋಡಿದರು. ರಬ್ಬರಿನ ಪಟ್ಟಿ ಉದ್ದಕ್ಕೂ ಗಾಜಿನಂಥ ಮಂಜುಗಡ್ಡೆಯಲ್ಲಿ ಹೂತಿತ್ತು.

"ಇಲ್ಲಿಗೆ ನೀರು ಎಲ್ಲಿಂದ ಬಂತು?"

"ನಾನು ಹಾಕಿದೆ, ಬಾವ."

"ಯಾಕೆ?"

"ಅಂಗಡಿ ತೆಗೆದೆ ಅಲ್ವಾ," ಎಂದೆ. ಬಾವ ಕಾರ್ಕಳದವರು, ಅರ್ಥವಾಯಿತು. ಬೈಯಲಿಲ್ಲ. ಹಿಮದ ಮೇಲೆಯೇ ಕುಕ್ಕರುಗಾಲಲ್ಲಿ ಕೂತರು. ಅಷ್ಟೂ ಯಂತ್ರಗಳು, ಊರಿನ ಅರ್ಧ ಜನರದು, ಬಾವನದೂ ಸೇರಿ, ಆ ಬಾಗಿಲಿನ ಹಿಂದೆ. ಅಕ್ಕ ಕುದಿಯುವ ನೀರಿನ ಕೆಟಲು ಹಿಡಿದುಕೊಂಡು ಓಡಿ ಬಂದಳು.

"ನೀರು ಸಾಕು ಮಾರಾಯ್ತಿ!" ಎಂದು ಬಾವ ಕೂಗಿದರು. "ಒಂದು ಗಳಿಗೆಯಲ್ಲಿ ಅದೂ ಮಂಜುಗಡ್ಡೆಯೇ. ನೀನು ಹೋಗಿ ಫೋನು ಮಾಡು. ಯಾರ ಮನೆಯಲ್ಲಿ ಸಲಿಕೆ ಉಂಟೋ ಅವರಿಗೆಲ್ಲ ಮಾಡು."

ಓಣಿ

ಹಿಂದಿನ ಕಿಟಕಿಯನ್ನು ಬಿಚ್ಚಿ ಬಾವ ನನ್ನನ್ನು ಒಳಗೆ ತಳ್ಳಿದರು. ಜಾಕೆಟ್ಟೂ ಕೋಟೂ ಕಳಚಿಟ್ಟ ಮೇಲೆಯೇ ಮೈ ತೂರಿತು. ಒಳಗೆ ಊದುಬತ್ತಿ ಇನ್ನೂ ಉರಿಯುತ್ತಿತ್ತು. ಹೀಟರು ಹಚ್ಚಿ ಬಾಗಿಲಿನ ಒಂದು ತುದಿಗೆ ದೂಡಿದೆ. ಅಲ್ಲಿ ಸ್ವಲ್ಪ ಕರಗಿದ ಮೇಲೆ ಇನ್ನಷ್ಟು ಸರಿಸಿದೆ. ಮೊಳೆ ಕೀಳುವ ಸಬ್ಬಲಿನಿಂದ ಮೆಲ್ಲನೆ ಕೆತ್ತಿದೆ. ಜೋರಾಗಿ ಕೆತ್ತಿದರೆ ರಬ್ಬರು ಹರಿಯುತ್ತದೆ, ಮೆಲ್ಲಗೆ ಕೆತ್ತಿದರೆ ಕಾರ್ಲ್‌ನ ಹೊತ್ತು ಮೀರುತ್ತದೆ. ಒಬ್ಬನೇ ಒಳಗೆ ಮಂಡಿಯೂರಿ ಕೂತು ಕೆತ್ತುವಾಗ ನನಗೆ ಅಳು ಬಂತು. ಒಬ್ಬ ಮನುಷ್ಯನ ಜೀವ, ಅವನ ಮನೆ, ಎಲ್ಲ ಸೇರಿ ನನ್ನ ಎರಡು ಚೆಂಬು ನೀರಿನ ಕೆಳಗೆ ಸಿಕ್ಕಿಬಿದ್ದಿತ್ತು.

ಬಾಗಿಲು ಕೊನೆಗೆ ಎದ್ದಾಗ ರಬ್ಬರು ಅರ್ಧ ನೆಲದಲ್ಲಿಯೇ ಉಳಿಯಿತು. ಯಂತ್ರದ ಹಗ್ಗ ಎಳೆದೆ, ಓಡಿತು. ದೂಡಿಕೊಂಡು ಓಣಿಗೆ ಬಂದವನು ಅಲ್ಲಿಯೇ ನಿಂತುಬಿಟ್ಟೆ. ಓಣಿ ತುಂಬ ಜನ. ಶಾಲೆಯ ಬಸ್ಸು ಬಿಡುವವನು, ಅಂಚೆಯ ಹೆಂಗಸು, ನನಗೆ ಹೆಸರು ಗೊತ್ತಿಲ್ಲದ ಇನ್ನೂ ಎಷ್ಟೋ ಮಂದಿ ಸಾಲಾಗಿ ನಿಂತು ಹಿಮ ಅಗೆಯುತ್ತಿದ್ದರು. ಮಾತಿಲ್ಲ, ನಗೆಯಿಲ್ಲ, ಬರೀ ಸಲಿಕೆಯ ಸದ್ದು ಮತ್ತು ಬಾಯಿಂದ ಬರುವ ಹಬೆ. ನಮ್ಮಲ್ಲಾದರೆ ಅಷ್ಟು ಜನ ಸೇರಿದಲ್ಲಿ ನಾಲ್ಕು ಜನ ಅಗೆದು ಉಳಿದವರು ಹೇಗೆ ಅಗೆಯಬೇಕೆಂದು ಹೇಳುತ್ತಿದ್ದರು. ಬಾವ ಒಂದೇ ಕೈಯಲ್ಲಿ ಎಳೆಯುತ್ತಿದ್ದರು. ಅಕ್ಕ ಸೀರೆಯ ಮೇಲೆ ಬಾವನ ಪ್ಯಾಂಟು ಏರಿಸಿಕೊಂಡು ಬೀಳುತ್ತಾ ಏಳುತ್ತಾ ಅಗೆಯುತ್ತಿದ್ದಳು. ಅವರ ನಡುವೆ ಹೆಲೆನ್.

ಅರ್ಧಕ್ಕಿಂತ ಹೆಚ್ಚು ಅವರೇ ತೆಗೆದಿದ್ದರು. ಉಳಿದದ್ದನ್ನು ಯಂತ್ರ ನುಂಗಿತು. ಟ್ರಕ್ಕು ನಮ್ಮನ್ನು ದಾಟಿ ಹೋಗುವಾಗ ಕಂಬಳಿ ಹೊದ್ದ ಕಾರ್ಲ್‌ನ ಮುಖ ಗಾಜಿನ ಹಿಂದೆ ಕಂಡಿತು. ಮಧ್ಯಾಹ್ನ ಆಸ್ಪತ್ರೆಯಿಂದ ಫೋನು ಬಂತು. ತಡವಾಗಿತ್ತು, ಆದರೆ ಸರದಿ ತಪ್ಪಿರಲಿಲ್ಲ. ನಾನು ಜಾಕೆಟ್ಟಿನಲ್ಲಿಯೇ ಮಲಗಿ ಸಂಜೆಯವರೆಗೆ ಎಚ್ಚರವಾಗಲಿಲ್ಲ.

ಟ್ರಕ್ಕಿನ ಕಿಟಕಿ

ಮುಂದಿನ ವಾರ ಟ್ರಕ್ಕು ಶೆಡ್ಡಿನ ಎದುರು ನಿಂತಿತು. ಕಾರ್ಲ್ ಕಿಟಕಿ ಇಳಿಸಿ ನನ್ನನ್ನು ಕರೆದ. ನೀರು ಹಾಕಿದ ವಿಷಯ ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ನಾನು ತಲೆ ತಗ್ಗಿಸಿಕೊಂಡು ಹೋದೆ. ಅವನ ಇಂಗ್ಲಿಷು ಮೆಲ್ಲಗಿನದು, ನನಗೂ ತಿಳಿಯುವಂಥದ್ದು.

"ಯಂತ್ರ ಹೊತ್ತಿಗೆ ಸರಿಯಾಗಿ ಬಂದಿದ್ದರೆ ನಾನು ಯಾವಾಗಿನ ಹಾಗೆ ಕಣ್ಣು ಮುಚ್ಚಿ ಕೂತು ಆಸ್ಪತ್ರೆಯಲ್ಲಿ ಕಣ್ಣು ಬಿಡುತ್ತಿದ್ದೆ. ಅವತ್ತು ಬೇರೆ ದಾರಿಯಿಲ್ಲದೆ ನೋಡುತ್ತಾ ಕೂತೆ. ಎಲ್ಲರ ನಡುವೆ ಹೆಲೆನ್ ಅಗೆಯುತ್ತಿದ್ದಳು. ನಡುನಡುವೆ ಸಲಿಕೆಗೆ ಒರಗಿ ನಿಲ್ಲುತ್ತಿದ್ದಳು. ಅವಳಿಗೆ ಇಷ್ಟು ವಯಸ್ಸಾಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ," ಎಂದ.

ಮನೆ ಬಿಡೋಣ ಎಂದು ಕಾರ್ಲ್ ತಾನೇ ಹೇಳಿ, ಪಟ್ಟಣದಲ್ಲಿ ಕೋಣೆ ಹಿಡಿದಿದ್ದರಂತೆ. ಯಂತ್ರವನ್ನು ಯಾರಿಗಾದರೂ ಮಾರಿಬಿಡಿ ಎಂದು ಬಾವನಿಗೆ ಹೇಳಿ ಹೋದರು. ಹೆಲೆನ್ ಎದುರು ನೋಡುತ್ತಾ ಸ್ಟಿಯರಿಂಗ್ ಹಿಡಿದುಕೊಂಡೇ ಇದ್ದರು.

ಮಧ್ಯಾಹ್ನ ಊಟಕ್ಕೆ ಕೂತಾಗ ನಾನೇ ಮಾತು ತೆಗೆದೆ. ಆ ಮನುಷ್ಯ ನನಗೆ ಉಪಕಾರ ಹೇಳಿದನೋ ದೂರು ಹೇಳಿದನೋ ಗೊತ್ತಾಗಲಿಲ್ಲ, ಸರದಿ ತಪ್ಪದಿದ್ದರೂ ಪಾಪ ಅವರ ಮನೆ ಹೋಯಿತು, ಎಂಜಿನು ಸರಿ ಮಾಡಿ ಏನು ಬಂತು, ಎಂದೆ.

ಅಕ್ಕ ಒಲೆಯ ಕಡೆ ತಿರುಗಿ ನಿಂತಿದ್ದಳು. "ಹೆಲೆನಕ್ಕನಿಗೆ ಎಷ್ಟೋ ಚಳಿಗಾಲದಿಂದ ಅಲ್ಲಿಂದ ಹೋಗ್ಬೇಕು ಅಂತ ಇತ್ತು," ಎಂದಳು. "ಅವರಿಗೆ ಸಾಕಾಗಿತ್ತು. ಗಂಡನಿಗೆ ಆ ಮನೆ ಅಂದ್ರೆ ಜೀವ ಅಲ್ವಾ, ಬಾಯಿ ಬಿಟ್ಟು ಹೇಳಲಿಲ್ಲ. ನನ್ನ ಹತ್ರ ಮಾತ್ರ ಹೇಳ್ತಿದ್ದರು."

ಬಾವನ ಎಡಗೈಯ ತುತ್ತು ಅಲ್ಲಿಗೇ ನಿಂತಿತು. ಅವರು ಅಕ್ಕನ ಬೆನ್ನನ್ನು ನೋಡುತ್ತಾ ಕೂತರು. ಆ ಅಡುಗೆಮನೆಯಲ್ಲಿ ಹತ್ತು ಹನ್ನೆರಡು ಚಳಿಗಾಲ ಕಳೆದವಳು ಅವಳು.

"ಸುಮತೀ," ಎಂದರು ಬಾವ, "ನಿನಗೂ ಸಾಕಾಗಿದೆಯಾ?"

ಅಕ್ಕ ತಿರುಗಲಿಲ್ಲ. ಸಾರಿನ ಪಾತ್ರೆಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದಳು.

"ಇವತ್ತಾದರೂ ಕೇಳಿದಿರಲ್ಲ," ಎಂದಳು.